ನಾಲ್ಕೂವರೆ ಮೈಲಿ

ಇಪ್ಪತ್ತನಾಲ್ಕು ಮಂದಿ ನೇಸರಗಿಯನ್ನು ದಾಟಿ ಹೋಗಿ ಅರ್ಧ ತಾಸಾಗುತ್ತ ಬಂದಿತ್ತು; ಪಟ್ಟಿಯಲ್ಲಿ ಉಳಿದದ್ದು ಒಂದೇ ನಂಬರು, ಹದಿನೇಳು. ನೀಲಕಂಠ ಮೇಜಿನ ಮೇಲಿದ್ದ ಟೈಂಪೀಸನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದ, ಮತ್ತೆ ರಸ್ತೆಯ ಕಡೆಗೆ ತಿರುಗಿಸಿಟ್ಟ. ಬೈಲಹೊಂಗಲದಿಂದ ಬೆಳಗಾವಿಗೆ ಇಪ್ಪತ್ತಾರು ಮೈಲಿಯ ಓಟ. ಹತ್ತನೆಯ ಮೈಲಿಗೆ ನೇಸರಗಿ. ಇಲ್ಲಿ ಪ್ರತಿಯೊಬ್ಬನ ಮುಂಗೈಯ ಮೇಲೆ ನೀಲಿ ಸಿಕ್ಕಾ ಒತ್ತಿ, ಬಂದ ವೇಳೆಯನ್ನು ಬರೆದುಕೊಂಡು ಬಿಡಬೇಕು. ಈ ಕೆಲಸಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಬೆಳಗಾವಿಯ ಕ್ರೀಡಾ ಮಂಡಳದವರು ಎರಡನೆಯ ಹೆಸರನ್ನೇ ಎತ್ತಿರಲಿಲ್ಲ. ತಾಲೂಕಿನಲ್ಲೆಲ್ಲ ಮ್ಯಾರಥಾನ್ ಓಡಿದವನು ಒಬ್ಬನೇ, ಬೈಲಹೊಂಗಲದ ಹೈಸ್ಕೂಲಿನ ಡ್ರಿಲ್ ಮಾಸ್ತರ ನೀಲಕಂಠ. ಆರು ವರ್ಷದ ಹಿಂದೆ, ನಲವತ್ತೊಂಬತ್ತರಲ್ಲಿ, ಪುಣೆಯಲ್ಲಿ. ಖಾಕಿ ಚಡ್ಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಸೀಟಿ. ಮೂವತ್ತೆಂಟರ ವಯಸ್ಸಿಗೂ ಅವನ ಕಾಲಿನ ಮೀನಖಂಡಗಳು ಗಟ್ಟಿಯಾಗಿದ್ದವು. ಬೆಳಿಗ್ಗೆಯಿಂದ ಓಟಗಾರರ ಕೈ ಹಿಡಿದು ಸಿಕ್ಕಾ ಒತ್ತುವಾಗ ಅವನಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇತ್ತು. "ಮೊಣಕಾಲ ಎತ್ತಿ ಓಡಬ್ಯಾಡ, ನೆಲಾ ಸವರಿಕೊಂಡು ಹೋಗು," ಎಂದು ಒಬ್ಬೊಬ್ಬನಿಗೂ ಒಂದೊಂದು ಮಾತು ಹೇಳಿ ಕಳಿಸಿದ್ದ. ಅವರು ತಲೆಯಾಡಿಸಿ ಹೋಗಿದ್ದರು.

ಮೇಜಿನ ಇನ್ನೊಂದು ಬದಿಗೆ ಕುಳಿತಿದ್ದ ಬಸ್ ಏಜೆಂಟ ದಸ್ತಗೀರಸಾಬ ನೀರಿನ ಕೊಡದ ಮೇಲೆ ತಾಟು ಮುಚ್ಚಿದ. ಮೇಜು, ಎರಡು ಕುರ್ಚಿ, ಕೊಡ ಎಲ್ಲವೂ ಅವನವೇ.

"ಮಾಸ್ತರ್ರ, ಹದಿನೇಳ ನಂಬರ ಬರಾಂಗ ಕಾಣವಲ್ದರಿ. ಪಟ್ಟಿ ಮುಚ್ಚೂಣೇನು?"

"ಬರ್ತಾನ. ನಾನ ತಯಾರ ಮಾಡಿದ ಹುಡುಗ ಅಂವ."

"ಹಂಗಾರ ಬಂದಾನು ಬಿಡ್ರಿ," ಎಂದ ದಸ್ತಗೀರಸಾಬ. ಆ ಮಾತಿನಲ್ಲಿ ಚೇಷ್ಟೆಯಿರಲಿಲ್ಲ. ನೀಲಕಂಠನ ಮಾತನ್ನು ಈ ಭಾಗದಲ್ಲಿ ಯಾರೂ ಪರೀಕ್ಷಿಸುತ್ತಿರಲಿಲ್ಲ.

ಹದಿನೇಳು ಎಂದರೆ ನಿಜಗುಣಪ್ಪ. ನೀಲಕಂಠನ ಹಳೆಯ ವಿದ್ಯಾರ್ಥಿ, ಈಗ ಇಪ್ಪತ್ತೈದು ವಯಸ್ಸಿನ, ಹಳ್ಳಿಯೊಂದರ ಕನ್ನಡ ಸಾಲಿಯ ಮಾಸ್ತರ. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅವನನ್ನು ಸೈಕಲ್ಲಿನ ಹಿಂದೆ ಓಡಿಸಿದ್ದು ನೀಲಕಂಠ. ನಿಜಗುಣಪ್ಪನ ಹೆಂಡತಿಯ ತವರು ನೇಸರಗಿಯೇ. ಅವನ ಮಾವ ಅಂದಾನೆಪ್ಪ ಹೊಸ ಪಟಗಾ ಸುತ್ತಿಕೊಂಡು, ಹತ್ತು ಹನ್ನೆರಡು ಮಂದಿ ಬೀಗರನ್ನು ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೇ ರಸ್ತೆಯ ಬದಿಗೆ ಬಂದು ನಿಂತಿದ್ದ. ನಿಜಗುಣಪ್ಪನ ಹೆಂಡತಿ ರಾಯವ್ವ ಆರತಿಯ ತಟ್ಟೆ ಹಿಡಿದಿದ್ದಳು. ಮೊದಲ ಓಟಗಾರ ಬಂದಾಗ ಅವರೆಲ್ಲ ಇಣುಕಿ ನೋಡಿದ್ದರು. ಎರಡನೆಯವ, ಐದನೆಯವ, ಹತ್ತನೆಯವ. ಇಪ್ಪತ್ತನೆಯವನ ಹೊತ್ತಿಗೆ ಅಂದಾನೆಪ್ಪ ಬೇರೆ ಯಾರ ಜೊತೆಗೋ ಬೆಲ್ಲದ ಧಾರಣೆಯ ಮಾತು ತೆಗೆದಿದ್ದ. ಮಗಳು ಮಾತ್ರ ಕಣ್ಣು ಕಿತ್ತಿರಲಿಲ್ಲ.

ನೀಲಕಂಠ ಎದ್ದ. ಎರಡು ತಾಸಿನಿಂದ ತಡೆದುಕೊಂಡಿದ್ದ. ಇಷ್ಟು ಜನರ ಕಣ್ಣೆದುರಿಗೆ, ಅದರಲ್ಲೂ ಹೆಣ್ಣುಮಕ್ಕಳ ಎದುರಿಗೆ, ಅಲ್ಲೇ ಬದಿಗೆ ಹೋಗುವಂತಿರಲಿಲ್ಲ. "ಅವ ಎಲ್ಲಿ ಅದಾನ ನೋಡಿ ಬರ್ತೀನಿ," ಎಂದು ಬೈಲಹೊಂಗಲದ ದಿಕ್ಕಿಗೆ ನಡೆದ. ಊರು ಮುಗಿದು ರಸ್ತೆ ತಿರುಗುವಲ್ಲಿ ದೊಡ್ಡ ಹುಣಸಿಯ ಮರ, ಅದರಾಚೆ ಜಾಲಿಯ ಕಂಟಿ. ಕಂಟಿಯ ಹಿಂದೆ ಜನಿವಾರವನ್ನು ಕಿವಿಗೆ ಸುತ್ತಿಕೊಂಡು ಕುಳಿತಾಗ ಅವನಿಗೆ ಪುಣೆಯ ಬೆಳಗು ನೆನಪಾಯಿತು. ಅಲ್ಲಿ ಫುಟ್‌ಪಾತಿನ ಎರಡೂ ಬದಿಗೆ ಜನ. ಮನೆಗಳ ಗ್ಯಾಲರಿಗಳಲ್ಲಿ ಜನ. ಮೂಗುಬೊಟ್ಟಿನ ಮುದುಕಿಯರೂ ಚಪ್ಪಾಳೆ ತಟ್ಟುತ್ತಿದ್ದರು. ಯಾವ ಊರಿನವನು, ಯಾರ ಮಗ ಎಂದು ಕೇಳದೆ ತಟ್ಟುವ ಚಪ್ಪಾಳೆ. ಮನೋಳಿಯಲ್ಲಿ ತಂದೆ ಪುರಾಣ ಹೇಳಿ ಮುಗಿಸಿದಾಗ ಜನ ಕೈ ಮುಗಿಯುತ್ತಿದ್ದರು, ಚಪ್ಪಾಳೆ ತಟ್ಟುತ್ತಿರಲಿಲ್ಲ. ಶಾಸ್ತ್ರಿಗಳ ಮಗ ಡ್ರಿಲ್ ಮಾಸ್ತರನಾದದ್ದಕ್ಕೆ ಮನೆಯಲ್ಲಿ ಯಾರೂ ಬೈದಿರಲಿಲ್ಲ, ಆದರೆ ಬಂದವರಿಗೆ "ನಮ್ಮಾಂವ ಹೈಸ್ಕೂಲಿನ್ಯಾಗ ಇದ್ದಾನ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಪುಣೆಯಿಂದ ಬಂದ ದಿನ ಮಾತ್ರ ತಂದೆ ಮಗ್ಗುಲಿಗೆ ಕೂಡ್ರಿಸಿಕೊಂಡು ಕೇಳಿದ್ದರು, "ಪೂರ್ತಿ ಓಡಿದೇನೋ?" "ಹೂಂ," ಎಂದಿದ್ದ. ಆ ವರ್ಷವೇ ಅವರು ತೀರಿಕೊಂಡರು.

ಲಾರಿಯ ಸಪ್ಪಳ ಕೇಳಿ ತಲೆ ಎತ್ತಿದ. ಬೆಲ್ಲದ ಪೆಂಟಿ ಹೇರಿದ ಲಾರಿಯೊಂದು ತಿರುವು ದಾಟುವ ಮೊದಲೇ, ಊರಿಗೆ ಕಾಣದ ಹಾಗೆ, ನಿಂತಿತು. ಪೆಂಟಿಗಳ ನಡುವಿನಿಂದ ಎರಡು ಬರಿಗಾಲು ಇಳಿಬಿದ್ದವು, ಒಂದು ಚಕ್ರದ ಮೇಲೆ ಆಧಾರ ಹುಡುಕಿತು, ಮೈ ಜಾರಿತು. ಇಳಿದವನು ಡ್ರೈವರನಿಗೆ ಕೈ ಮುಗಿದ. ಲಾರಿ ಹೋಯಿತು. ಧೂಳು ಸರಿದ ಮೇಲೆ ಎದೆಯ ಮೇಲಿನ ಬಟ್ಟೆಯ ತುಂಡಿನಲ್ಲಿ ನಂಬರು ಕಂಡಿತು.

ನೀಲಕಂಠನಿಗೆ ಮೊದಲು ಬಂದದ್ದು ಸಿಟ್ಟಲ್ಲ. ಸಿಕ್ಕಿಬಿದ್ದೆ ಎಂಬ ಭಾವ. ನೋಡಿದವನು ತಾನು, ನೋಡಿಸಿಕೊಂಡವನು ಅವನು ಎಂಬುದನ್ನು ಮನಸ್ಸಿಗೆ ತಿಳಿಸಿ ಹೇಳಲು ಎರಡು ಉಸಿರಿನಷ್ಟು ಹೊತ್ತು ಬೇಕಾಯಿತು. ಚಡ್ಡಿ ಸರಿಮಾಡಿಕೊಂಡು ಕಂಟಿಯಿಂದ ಹೊರಗೆ ಬಂದ.

ನಿಜಗುಣಪ್ಪ ಓಡಲು ಮೊದಲು ಮಾಡಿದ್ದವನು ನಿಂತ. ಅವನ ಬೆನ್ನಿಗೆ ಗೋಣಿಯ ನಾರು ಅಂಟಿತ್ತು. ಮೈಯಿಂದ ಬೆಲ್ಲದ ವಾಸನೆ ಬರುತ್ತಿತ್ತು.

"ಎಲ್ಲೆ ಹತ್ತಿದಿ?" ಎಂದ ನೀಲಕಂಠ.

"ಸರ, ಅದು..."

"ಎಲ್ಲೆ ಹತ್ತಿದಿ ಅಂತ ಕೇಳಿದೆ."

"ಏಳನೇ ಮೈಲಿಗಲ್ಲಿನ ಹಂತೇಕರಿ. ಹೊಟ್ಟಿ ಹಿಡಕೊಂತ್ರಿ. ನೀವು ಹೇಳಿದ್ರೆಲ್ಲ, ಪುಣೇದಾಗ ನೀವು ಕುಡದಂಗ, ಮುಂಜಾನೆ ಕಾಸಿದ ತುಪ್ಪಾ ಕುಡದ ಬಂದಿದ್ದೆ. ಒಂದು ತಾಸ ಗಟ್ಟೇಲೆ ಅಲ್ಲೇ ಕುಂತೆ. ಎಲ್ಲಾರೂ ಮುಂದ ಹೋದ್ರು." ಅವನು ಊರಿನ ಕಡೆಗೆ ನೋಡಿದ. "ಮಾವನಾರು ಬೀಗರನ್ನ ಕರಕೊಂಡ ನಿಂತಾರ್ರಿ. ಎಲ್ಲಾರಕಿಂತ ಹಿಂದ ಬಂದ್ರ ಅವರ ಮಾರಿ ಹೆಂಗ ನೋಡ್ಲಿ?"

"ಈಗೂ ನೀನ ಎಲ್ಲಾರಕಿಂತ ಹಿಂದ."

ಮೂರು ಮೈಲಿ ಲಾರಿಯಲ್ಲಿ ಬಂದರೂ ಕೊನೆಯವನೇ ಆಗಿ ಉಳಿದದ್ದು ನಿಜಗುಣಪ್ಪನಿಗೆ ಆಗ ತಿಳಿಯಿತು. ಅವನ ಕಣ್ಣಲ್ಲಿ ನೀರು ಬಂತು.

ನೀಲಕಂಠನಿಗೆ ಈಗ ಎರಡು ದಾರಿಗಳಿದ್ದವು, ಎರಡೂ ಪರಿಚಿತ. ಒಂದು, ಪಟ್ಟಿಯಲ್ಲಿ ಹದಿನೇಳರ ಮೇಲೆ ಗೆರೆ ಎಳೆಯುವುದು. ಎರಡು ವರ್ಷದ ಹಿಂದೆ ಸವದತ್ತಿಯ ಓಟದಲ್ಲಿ ಮಡಿವಾಳೆಪ್ಪ ಎಂಬವನು ಗೆಳೆಯನ ಸೈಕಲ್ಲಿನ ಕ್ಯಾರಿಯರ್ ಹಿಡಿದು ಒಂದು ಫರ್ಲಾಂಗು ಬಂದದ್ದನ್ನು ಕಂಡು ಹಿಡಿದದ್ದು ನೀಲಕಂಠನೇ. ಎಲ್ಲರೆದುರಿಗೆ ಅವನನ್ನು ನಿಲ್ಲಿಸಿ, ಓಟವೆಂದರೆ ಚಾರಿತ್ರ್ಯ ಎಂದು ಹತ್ತು ಮಿನಿಟು ಮಾತಾಡಿದ್ದ. ಮಾತು ಚೆನ್ನಾಗಿ ಬಂದಿತ್ತು. ಮಡಿವಾಳೆಪ್ಪ ನೆಲ ನೋಡುತ್ತ ನಿಂತಿದ್ದವನು ಒಮ್ಮೆ ಮಾತ್ರ ತಲೆ ಎತ್ತಿ, ಇಷ್ಟೆಲ್ಲ ಯಾಕೆ ಎನ್ನುವ ಹಾಗೆ ನೋಡಿದ್ದ. ಮನೆಗೆ ಬಂದು ಊಟಕ್ಕೆ ಕುಳಿತಾಗ ಹೆಂಡತಿ ನರ್ಮದಾ "ಸವದತ್ತ್ಯಾಗ ಭಾಳ ಛಲೋ ಮಾತಾಡಿದ್ರಂತ" ಎಂದು ಇನ್ನೊಂದು ಚಮಚೆ ತುಪ್ಪ ಹಾಕಿದ್ದಳು. ಎರಡನೆಯ ದಾರಿ, ಏನೂ ಕಾಣದವನಂತೆ ಮೇಜಿಗೆ ಹೋಗಿ, ಸಿಕ್ಕಾ ಒತ್ತಿ, ವೇಳೆ ಬರೆದು, ಬೆನ್ನು ತಟ್ಟುವುದು. ಅದೂ ಸಾಧ್ಯವಿತ್ತು. ಹಾಗೆ ಮಾಡಿದ್ದರೆ ರಾಯವ್ವ ಆರತಿ ಎತ್ತುತ್ತಿದ್ದಳು. ಓಟ ಮುಗಿದ ಮೇಲೆ ನಿಜಗುಣಪ್ಪ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದ, ತನ್ನ ಸಾಲಿಯ ಮಕ್ಕಳಿಗೆ ಓಟದ ಕತೆ ಹೇಳುತ್ತಿದ್ದ, ಅವರು ಕೇಳಿದಂತೆಲ್ಲ ಚಂದ ಮಾಡಿ ಹೇಳುತ್ತಿದ್ದ, ಹೀಗೇ ಒಂದು ವರ್ಷ, ಆರು ವರ್ಷ. ಆ ಆರು ವರ್ಷಗಳ ಪ್ರತಿಯೊಂದು ಅಂಕುಡೊಂಕೂ ನೀಲಕಂಠನಿಗೆ ಗೊತ್ತಿತ್ತು. ಯಾರಾದರೂ ಪುಣೆಯವರು ಭೆಟ್ಟಿಯಾದರೆ ಮಾತು ಹೇಗೆ ಬೇರೆ ಕಡೆಗೆ ಒಯ್ಯಬೇಕು, ಹೊಗಳಿಕೆಯನ್ನು ಎಷ್ಟು ತಲೆ ತಗ್ಗಿಸಿ ಕೇಳಬೇಕು, ಎಲ್ಲ.

"ನಡಿ," ಎಂದ. "ಏಳನೇ ಕಲ್ಲಿಗೆ ಹೋಗೋಣ. ಅಲ್ಲಿಂದ ಓಡ್ಕೋತ ಬಾ."

"ಹಿಂದಕ್ಕರಿ?"

"ಹೂಂ. ನಾನೂ ಬರ್ತೀನಿ."

"ಸರ, ಇದಕ್ಕಿಂತ ನನ್ನ ಹೆಸರ ಹೊಡದು ಹಾಕ್ರಿ." ನಿಜಗುಣಪ್ಪ ಕಣ್ಣು ಒರೆಸಿಕೊಂಡ, ಈಗ ಅವನ ದನಿಯಲ್ಲಿ ಸಿಟ್ಟಿತ್ತು. "ನಿಮಗ ತಿಳಿಯಾಂಗಿಲ್ರಿ. ಪುಣೇದಂಥಾ ಊರಾಗ ಇಪ್ಪತ್ತಾರು ಮೈಲಿ ನಿಲ್ಲದ ಓಡಿದಾವ್ರು ನೀವು. ಕುಂತ ಮ್ಯಾಲ ಮತ್ತ ಏಳಾಕ ಆಗದಿದ್ರ ಹೆಂಗಿರತೈತಿ ಅನ್ನೂದು ನಿಮಗ ಹೆಂಗ ತಿಳೀಬೇಕು?"

ಹಾಲಿನ ಕ್ಯಾನುಗಳು ತಣ್ಣಗಿದ್ದವು. ಅದೇ ನೀಲಕಂಠನಿಗೆ ಆರು ವರ್ಷ ಮರೆಯಲಾಗದ್ದು. ಹದಿನಾರನೆಯ ಮೈಲಿಯ ಹತ್ತಿರ, ಕಬ್ಬಿನ ಹೊಲದ ಬದಿಗೆ, ಒಂದು ಕಲ್ಲಿನ ಮೇಲೆ ಕೂತಿದ್ದ. ಮುಂದಿನವನೂ ಹಿಂದಿನವನೂ ಕಾಣುತ್ತಿರಲಿಲ್ಲ. ಪುಣೆಗೆ ಹಾಲು ಒಯ್ಯುವ ಲಾರಿ ಬಂತು. ಕೈ ಎತ್ತಬೇಕೆಂದು ಅವನು ನಿಶ್ಚಯಿಸಿದ್ದು ನೆನಪಿಲ್ಲ, ಕೈ ತಾನೇ ಮೇಲೆದ್ದಿತ್ತು. ಡ್ರೈವರ ಮರಾಠಿಯಲ್ಲಿ "ಬಸಾ, ಬಸಾ" ಎಂದು ಕೂಡಲು ಹೇಳಿದ. ಕ್ಯಾನಿಗೆ ಬೆನ್ನು ಆನಿಸಿದಾಗ ಒದ್ದೆ ಲೋಹದ ತಂಪು ಅಂಗಿಯೊಳಗಿಂದ ಬೆನ್ನಹುರಿಗೆ ಇಳಿಯಿತು, ಅವನು ಕಣ್ಣು ಮುಚ್ಚಿ ನಕ್ಕಿದ್ದ. ನಾಚಿಕೆ ಆಗಬೇಕಾಗಿತ್ತು, ಆಗಿರಲಿಲ್ಲ. ಊರ ಅಂಚಿನ ಜಕಾತಿ ನಾಕೆಯ ಹಿಂದೆ ಇಳಿದು, ತಿರುವು ದಾಟಿ ಓಡಿದ ಕೂಡಲೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗಲೂ ಆಗಿರಲಿಲ್ಲ. ವಿಶ್ರಾಂತಿ ಪಡೆದ ಕಾಲು ಎಷ್ಟು ಚೆನ್ನಾಗಿ ಓಡಿತೆಂದರೆ ಕೊನೆಯ ಮೈಲಿಯಲ್ಲಿ ಇಬ್ಬರನ್ನು ಹಿಂದೆ ಹಾಕಿದ್ದ. ಆ ಇಬ್ಬರಲ್ಲಿ ಒಬ್ಬನ ಕಾಲಿನಿಂದ ರಕ್ತ ಬರುತ್ತಿತ್ತು.

"ನಾನೂ ಕೂತಿದ್ದೆ," ಎಂದ. "ಹಾಲಿನ ಲಾರಿ. ನಾಕೂವರಿ ಮೈಲಿ."

ನಿಜಗುಣಪ್ಪನಿಗೆ ತಿಳಿಯಲಿಲ್ಲ. ನೀಲಕಂಠ ಇನ್ನೊಮ್ಮೆ, ಎಲ್ಲಿ ಹತ್ತಿದ್ದು, ಎಲ್ಲಿ ಇಳಿದದ್ದು ಎಲ್ಲ ಹೇಳಿದ. ಹೇಳುವಾಗ ತನ್ನ ದನಿ ಮೈದಾನದಲ್ಲಿ ಸಾಲು ನಿಲ್ಲಿಸುವ ದನಿಯ ಹಾಗೇ ಗಟ್ಟಿಯಾಗಿದ್ದುದು ಅವನಿಗೇ ಆಶ್ಚರ್ಯವಾಯಿತು.

"ಮತ್ತ ಹದಿನಾರನೇ ಮೈಲಿಗೆ ಸೋಲೂದು ಕಾಲಲ್ಲ, ಮನಸ್ಸು ಅಂತ ದಿನಾ ಹೇಳತಿದ್ರೆಲ್ಲರಿ?"

"ಅದು ಲಾರ್ಯಾಗ ಕೂತಾಗ ಹೊಳದದ್ದು."

ನಿಜಗುಣಪ್ಪನ ಮೂಗಿನಿಂದ ಒಂದು ಸಪ್ಪಳ ಬಂತು, ಅಳುವೋ ನಗುವೋ. ಆಮೇಲೆ ಅವನು ಬಲು ಮೆಲ್ಲಗೆ, "ಸರ, ಕಿವ್ಯಾಗ ಜನಿವಾರ ಹಂಗ ಉಳದೈತ್ರಿ," ಎಂದ. ನೀಲಕಂಠ ಜನಿವಾರವನ್ನು ಕಿವಿಯಿಂದ ಬಿಡಿಸಿ ಅಂಗಿಯೊಳಗೆ ಇಳಿಬಿಟ್ಟ.

ನಿಜಗುಣಪ್ಪನನ್ನು ಹುಣಸಿಯ ಮರೆಗೆ ನಿಲ್ಲಿಸಿ ಅವನೊಬ್ಬನೇ ಮೇಜಿನ ಹತ್ತಿರ ಬಂದ. ಅಂದಾನೆಪ್ಪ ಹತ್ತಿರ ಬಂದು, "ಏನರ ಕಾಣಿಸಿತೇನ್ರಿ ಮಾಸ್ತರ್ರ?" ಎಂದು ಕೇಳಿದ. "ಅವ ಇನ್ನೂ ಏಳನೇ ಮೈಲಿ ಹಂತ್ಯಾಕ ಇದ್ದಾನ್ರಿ. ಬರ್ಲಿಕ್ಕೆ ಹೊತ್ತಾಗ್ತದ," ಎಂದ ನೀಲಕಂಠ. ಹೇಳಿದ ಮೇಲೆ ಇದು ಸುಳ್ಳೇ ಎಂದು ತನ್ನೊಳಗೇ ನೋಡಿಕೊಂಡ, ಅಲ್ಲ ಎನಿಸಿತು. ಪಟ್ಟಿಯಲ್ಲಿ ಅವನು ಇರುವುದು ಅಲ್ಲೇ. ಅಂದಾನೆಪ್ಪ ಪಟಗಾ ಸರಿಮಾಡಿಕೊಂಡು ಬೀಗರ ಕಡೆಗೆ ತಿರುಗಿ, ಹೊಲದಲ್ಲಿ ಆಳು ಬಂದಿದ್ದಾರೆಂದು ಏನೋ ಹೇಳತೊಡಗಿದ.

"ದಸ್ತಗೀರಸಾಬ್ರ, ಪಟ್ಟಿ ಮುಚ್ಚಬ್ಯಾಡ್ರಿ. ನಾ ಹೋಗಿ ಅವನ ಕೂಡ ಬರ್ತೀನಿ."

"ಏಳನೇ ಮೈಲಿಗಿರಿ? ನಡಕೊಂತರಿ?" ದಸ್ತಗೀರಸಾಬ ಅವನನ್ನು ಮೇಲಿಂದ ಕೆಳಗೆ ನೋಡಿದ. ಕೊಡದ ಮೇಲಿನ ತಾಟು ಸರಿಸಿದ. "ಒಂದ ವಾಟಗಾ ನೀರ ಕುಡದ ಹೋಗ್ರಿ."

ಬಂದ ದಾರಿಯಲ್ಲೇ ಮೂರು ಮೈಲಿ ಹಿಂದಕ್ಕೆ ನಡೆಯುವುದೆಂದರೆ ಬೇರೆಯೇ ನಡಿಗೆ. ಎಂಟನೆಯ ಕಲ್ಲು ಕಂಡಾಗ ಇನ್ನೂ ಒಂದು ಎಂದುಕೊಳ್ಳಬೇಕು. ಕಡಲಿಯ ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ನಿಂತು ನೋಡಿದರು. ಬೆಳಗಾವಿಗೆ ಓಡಬೇಕಾದವರು ಬೈಲಹೊಂಗಲದ ಕಡೆಗೆ ಹೊರಟಿದ್ದಾರಲ್ಲ ಎಂದು ಒಬ್ಬಳು ಕೂಗಿ ಹೇಳಿದಳು, ಉಳಿದವರು ನಕ್ಕರು. ನಿಜಗುಣಪ್ಪ ತಲೆ ತಗ್ಗಿಸಿದ. ನೀಲಕಂಠ ತಗ್ಗಿಸಲಿಲ್ಲ. ಇಷ್ಟು ವರ್ಷ ತಾನು ಹೆದರಿದ್ದು ಇಂಥ ನಗೆಗೇ ಎಂಬುದು ಅವನಿಗೆ ಹೊಳೆಯಿತು, ಕೇಳಿಸಿಕೊಂಡ ಮೇಲೆ ಅದು ಹೊಲದ ಮೇಲಿನ ಗಾಳಿಯಷ್ಟೇ ಇತ್ತು. ಪುಣೆಯ ಆ ನಲವತ್ತೊಂದನೆಯ ನಂಬರು. ತೊಂಬತ್ತು ಮಂದಿಯಲ್ಲಿ ನಲವತ್ತೊಂದನೆಯವನು. ಅದಕ್ಕೊಂದು ಪದಕವೂ ಇರಲಿಲ್ಲ, ಓಟ ಮುಗಿಸಿದ ಪ್ರತಿಯೊಬ್ಬನಿಗೂ ಕೊಡುವ ಸರ್ಟಿಫಿಕೇಟು ಅಷ್ಟೇ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಹೆಡ್‌ಮಾಸ್ತರರು ಹಾರ ಹಾಕದೇ ಇದ್ದಿದ್ದರೆ, ಬ್ಯಾಂಡು ಬಾರಿಸದೇ ಇದ್ದಿದ್ದರೆ, ನಾಲ್ಕು ದಿನಕ್ಕೆ ಯಾರಿಗಾದರೂ ನಗುತ್ತ ಹೇಳಿಬಿಡುತ್ತಿದ್ದನೇನೋ. ಹಾರ ಭಾರವಾಗಿತ್ತು. ಅದನ್ನು ತೆಗೆದಿಟ್ಟಾಗ ನರ್ಮದಾ ಅದರ ಒಂದು ಹೂವನ್ನು ತಲೆಗೆ ಮುಡಿದುಕೊಂಡಳು. ಅವಳ ಮುಡಿಯಲ್ಲಿ ಆ ಹೂವನ್ನು ನೋಡಿದಾಗ ಮೊದಲ ಸಲ ನಾಚಿಕೆ ಬಂತು, ಮತ್ತು ಆ ಹೊತ್ತಿಗೆ ತಡವಾಗಿತ್ತು.

ಏಳನೆಯ ಕಲ್ಲನ್ನು ನಿಜಗುಣಪ್ಪ ಕೈಯಿಂದ ಮುಟ್ಟಿದ. "ಹೊಟ್ಟಿ ಹೆಂಗದ?" ಎಂದು ನೀಲಕಂಠ ಕೇಳಿದ. "ಅಡ್ಡಿಯಿಲ್ರಿ ಈಗ." ಇಬ್ಬರೂ ತಿರುಗಿ ಓಡತೊಡಗಿದರು.

ನೇಸರಗಿಗೆ ಬಂದಾಗ ಟೈಂಪೀಸಿನಲ್ಲಿ ಹತ್ತೂವರೆ. ರಸ್ತೆಯ ಬದಿಗೆ ಜನ ಇರಲಿಲ್ಲ. ಒಂದು ನಾಯಿ ಮೇಜಿನ ಕೆಳಗೆ ಮಲಗಿತ್ತು. ಅಂದಾನೆಪ್ಪ ಬೀಗರೊಡನೆ ಹೊಲಕ್ಕೆ ಹೋಗಿದ್ದ. ರಾಯವ್ವ ಒಬ್ಬಳೇ ಬಸ್ ಏಜೆಂಟನ ತಗಡಿನ ನೆರಳಲ್ಲಿ ಕೂತಿದ್ದಳು. ಆರತಿಯ ದೀಪ ಯಾವಾಗಲೋ ಆರಿತ್ತು. ಅವಳು ಎದ್ದು ಸೆರಗು ಸರಿಮಾಡಿಕೊಂಡು ಮಜ್ಜಿಗೆಯ ತಂಬಿಗೆಯನ್ನು ಗಂಡನ ಮುಂದೆ ಹಿಡಿದಳು.

"ಭಾಳ ಹೊತ್ತಾತಲ್ಲರಿ?"

"ಹಿಂದ ಹೋಗಿದ್ದೆ," ಎಂದ ನಿಜಗುಣಪ್ಪ.

"ಏನರ ಬಿದ್ದಿತ್ತೇನು?"

"ಹೂಂ." ಅವನು ಕುಡಿದು ತಂಬಿಗೆ ಕೊಟ್ಟ. "ಮನೀಗೆ ಬಂದ ಮ್ಯಾಲ ಹೇಳತೇನಿ. ಎಲ್ಲಾ ಹೇಳತೇನಿ."

ಅವಳು ತಲೆಯಾಡಿಸಿದಳು. ಕುಂಕುಮದ ಬೆರಳನ್ನು ಅವನ ಹಣೆಗೆ ಒತ್ತಿ, ಬೆವರಿನಲ್ಲಿ ಅದು ಮೂಗಿಗೆ ಇಳಿದದ್ದನ್ನು ಕಂಡು ನಕ್ಕಳು. ಅಷ್ಟರಲ್ಲಿ ನೀಲಕಂಠ ಸಿಕ್ಕಾ ಒತ್ತಿ, ಹದಿನೇಳರ ಮುಂದೆ ಹತ್ತು ಗಂಟೆ ಮೂವತ್ತೆರಡು ಮಿನಿಟು ಎಂದು ಬರೆದ. ಇಪ್ಪತ್ತನಾಲ್ಕನೆಯವನಿಗೂ ಇವನಿಗೂ ಎರಡು ತಾಸಿನ ಅಂತರ. ಬರೆದದ್ದನ್ನು ನೋಡಿದಾಗ ಆ ಅಂಕಿಗಳು ಬಹಳ ದಿನದ ಮೇಲೆ ತಾನು ಬರೆದ ಒಳ್ಳೆಯ ಅಕ್ಷರಗಳೆಂಬಂತೆ ಕಂಡವು. ಪಟ್ಟಿ ಮುಚ್ಚಿ ದಸ್ತಗೀರಸಾಬನ ಕೈಗೆ ಕೊಟ್ಟ.

"ಹನ್ನೆರಡರ ಬಸ್ಸಿಗೆ ಇದನ್ನ ಬೆಳಗಾವಿಗೆ ಕಳಸ್ರಿ."

"ನೀವು?"

"ನಾ ಇವನ ಕೂಡ ಹೋಗ್ತೀನಿ."

"ಇನ್ನ ಹದಿನಾರ ಮೈಲಿ ಐತ್ರಿ ಮಾಸ್ತರ್ರ. ನಿಮ್ಮ ಕೆಲಸ ಮುಗೀತಲ್ಲ."

ನೀಲಕಂಠ ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟ. ದಸ್ತಗೀರಸಾಬ ಅದನ್ನು ಎತ್ತಿ ತನ್ನ ಕಿಸೆಗೆ ಹಾಕಿಕೊಳ್ಳುತ್ತ, "ಛಲೋ ಆತು. ನಾಳೆ ಬಸ್ಸಿನ್ಯಾಗ ಮುಟ್ಟಸ್ತೇನಿ," ಎಂದ, ದಿನಾ ನಡೆಯುವ ವ್ಯವಹಾರವೆಂಬಂತೆ.

ಓಟದಲ್ಲಿ ಮೊದಲು ಹೋಗುವುದು ಮಾತು, ಆಮೇಲೆ ವಿಚಾರ. ಮಾರೀಹಾಳದವರೆಗೆ ನೀಲಕಂಠ ನಿಜಗುಣಪ್ಪನಿಗೆ ಏನೇನೋ ಹೇಳುತ್ತ ಓಡಿದ. ಅಲ್ಲಿಂದ ಮುಂದೆ ಹೇಳುವುದಕ್ಕೆ ಉಸಿರು ಉಳಿಯಲಿಲ್ಲ. ಎಡಗಾಲಿನ ಬೂಟಿನೊಳಗೆ ಏನೋ ಒಡೆದು ಒದ್ದೆಯಾಯಿತು. ನೆಲವನ್ನು ಸವರಿಕೊಂಡು ಹೋಗು ಎಂದು ಬೆಳಿಗ್ಗೆ ಅವರಿಗೆಲ್ಲ ಹೇಳಿದ್ದ. ಈಗ ನೆಲ ಅವನನ್ನು ಸವರಿಕೊಂಡು ಹೋಗಗೊಡಲಿಲ್ಲ, ಒಂದೊಂದು ಹೆಜ್ಜೆಗೂ ಹಿಡಿದು ನಿಲ್ಲಿಸಿ ಹೆಸರು ಕೇಳುತ್ತಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಹಿಂದಿನಿಂದ ಹನ್ನೆರಡರ ಬಸ್ಸು ಬಂದು, ಅವರ ಸರಿಸಮಕ್ಕೆ ನಿಧಾನಮಾಡಿತು. ಕಂಡಕ್ಟರ ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ, "ಜಾಗಾ ಐತ್ರಿ ಮಾಸ್ತರ್ರ, ಇಬ್ಬರೂ ಹತ್ರಿ. ಯಾರ ನೋಡ್ತಾರ?" ಎಂದ. ಕಿಡಕಿಗಳಲ್ಲಿ ಮುಖಗಳು. ನೀಲಕಂಠನ ಬಲಗೈ ಮೇಲೆದ್ದಿತು. ಅದು ಎದ್ದದ್ದನ್ನು ಅವನೂ ನಿಜಗುಣಪ್ಪನೂ ಒಟ್ಟಿಗೇ ನೋಡಿದರು. ಕೈ ಮುಂದಕ್ಕೆ ಬೀಸಿತು, ಹೋಗಿರಿ ಎನ್ನುವ ಹಾಗೆ. ಬಸ್ಸು ಧೂಳು ಬಿಟ್ಟು ಹೋಯಿತು. ಅಲ್ಲಿಂದ ಮುಂದೆ ಒಂದು ಮೈಲಿ ಅವನು ಆ ಕೈಯನ್ನೇ ನೋಡುತ್ತ ಓಡಿದ. ಕೈಯ ಮೇಲೆ ಅವನಿಗೆ ಪ್ರೀತಿ ಬಂದಿತ್ತು.

ಸಾಂಬ್ರಾದ ಹತ್ತಿರ ಅವನು ನಿಂತುಬಿಟ್ಟ. ಮೀನಖಂಡ ಕಲ್ಲಾಗಿ ಹೋಗಿತ್ತು. ನಿಜಗುಣಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ಬಂದ. ನೆಲಕ್ಕೆ ಕೂತು, ಗುರುವಿನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದ. ಹಿಂದೆ ಮೈದಾನದಲ್ಲಿ ಇದೇ ಹುಡುಗನ ಕಾಲಿಗೆ ಹೀಗೇ ತಿಕ್ಕಿದ್ದು ನೀಲಕಂಠ. ಆಗ ಅವನು ಬೈಯುತ್ತ ತಿಕ್ಕುತ್ತಿದ್ದ. ಇವನು ಬೈಯಲಿಲ್ಲ.

"ಸರ, ಇಲ್ಲಿಗೆ ನಿಲ್ಲಸ್ರಿ. ನೀವೇನ ನಂಬರ ಹಚಿಗೊಂಡ ಬಂದಾವ್ರಲ್ಲ. ನಾನ ಹೋಗಿ ಮುಟ್ಟತೇನಿ."

"ನೀ ಮುಟ್ಟತೀ ಅನ್ನೂದು ನನಗ ಗೊತ್ತದ," ಎಂದ ನೀಲಕಂಠ. "ನಾ ಮುಟ್ಟತೀನೋ ಇಲ್ಲೋ ನೋಡಬೇಕಾಗೇದ. ಎಬ್ಬಿಸು."

ಬೆಳಗಾವಿಯೊಳಗೆ ಬಂದಾಗ ಊರು ಓಟವನ್ನು ಮರೆತು ತನ್ನ ಕೆಲಸಕ್ಕೆ ಹತ್ತಿತ್ತು. ಬೆಳಿಗ್ಗೆ ಇಲ್ಲಿಯೂ ಜನ ಎರಡೂ ಬದಿಗೆ ನಿಂತಿದ್ದಿರಬೇಕು. ಕೋಟೆಯ ಕೆರೆಯ ಹತ್ತಿರ ಕಾಗದದ ಪತಾಕೆಯ ಹಗ್ಗವೊಂದು ಕಂಬದಿಂದ ಕಳಚಿ ಜೋತುಬಿದ್ದಿತ್ತು. ಟಾಂಗಾದವರು ದಾರಿ ಬಿಡಲಿಲ್ಲ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮರಾಠಿಯಲ್ಲಿ ಬೈದ. ತರಕಾರಿ ಬುಟ್ಟಿಯ ಮುದುಕಿ ಇವರಿಬ್ಬರನ್ನೂ ನೋಡಿ ಹಿಂದೆ ರಸ್ತೆಯನ್ನೂ ನೋಡಿ, "ಯಾರ ಬೆನ್ನ ಹತ್ಯಾರೋ ಯಪ್ಪಾ?" ಎಂದು ಕಾಳಜಿಯಿಂದ ಕೇಳಿದಳು. ಪುಣೆಯ ಚಪ್ಪಾಳೆ ನೀಲಕಂಠನ ಕಿವಿಯಲ್ಲಿ ಎಷ್ಟೋ ವರ್ಷ ಉಳಿದಿತ್ತು, ರಾತ್ರಿ ಎಚ್ಚರವಾದರೆ ಕೇಳುತ್ತಿತ್ತು. ಈಗ ಹುಡುಕಿದ, ಕೇಳಲಿಲ್ಲ. ಟಾಂಗಾದ ಕುದುರೆಯ ಗೊರಸು, ಯಾವುದೋ ಅಂಗಡಿಯ ರೇಡಿಯೋ, ಮತ್ತು ಅವನ ಎರಡು ಬೂಟುಗಳ ಸಪ್ಪಳ. ಸಾಕಾಗಿತ್ತು. ಇಷ್ಟು ನೋವಿನಲ್ಲಿ ಇಷ್ಟು ಹಗುರ ಇರಬಹುದೆಂದು ಅವನು ಯಾವ ಹುಡುಗನಿಗೂ ಹೇಳಿಕೊಟ್ಟಿರಲಿಲ್ಲ, ಗೊತ್ತಿರಲಿಲ್ಲ.

ಮೈದಾನದಲ್ಲಿ ಮಂಟಪ ಬಿಚ್ಚುತ್ತಿದ್ದರು. ಬಹುಮಾನ ಹಂಚಿ ಮುಗಿದಿತ್ತು. ನೆಲದ ಮೇಲೆ ಸುಣ್ಣದ ಗೆರೆ ಮಾತ್ರ ಇನ್ನೂ ಇತ್ತು. ನಿಜಗುಣಪ್ಪ ಅದನ್ನು ದಾಟಿ ಮೊಣಕಾಲೂರಿ ಕೂತ. ನೀಲಕಂಠ ಅವನ ಹಿಂದೆ ಹತ್ತು ಮಾರು ದೂರದಿಂದ ಬಂದು ದಾಟಿದ. ಮಂಡಳದ ಕಾರ್ಯದರ್ಶಿ, ಕರಿ ಟೊಪಿಗೆಯ ದಪ್ಪ ಮನುಷ್ಯ, ಕುರ್ಚಿಗಳನ್ನು ಎಣಿಸುವುದನ್ನು ಬಿಟ್ಟು ಬಂದ.

"ಇದೇನ್ರಿ, ಮಾಸ್ತರ್ರ ನೀವು? ನಿಮ್ಮ ಪಟ್ಟಿ ಬಸ್ಸಿನ್ಯಾಗ ಬಂತು."

"ಹದಿನೇಳನೇ ನಂಬರು ಬಂದಾನ. ಬರಕೊಳ್ರಿ."

"ಆರು ತಾಸಿಗೆ ಬಂದ್ ಮಾಡೇವ್ರಿ. ನಿಯಮ ಅದ." ಕಾರ್ಯದರ್ಶಿ ಗಡಿಯಾರ ನೋಡಿದ. "ಎಂಟು ತಾಸು ಹದಿನೆಂಟು ಮಿನಿಟು. ಇದನ್ನ ಬರದು ಏನ ಮಾಡ್ಲಿ?"

"ನಂಬರ ಕೊಡಬ್ಯಾಡ್ರಿ. ಬಂದಾನ ಅಂತ ಬರೀರಿ. ಬಂದದ್ದು ಖರೆ ಅದ."

ಆ ದನಿಗೆ ಹೈಸ್ಕೂಲಿನ ನಾಲ್ಕು ನೂರು ಹುಡುಗರು ಒಮ್ಮೆಲೇ ಸಾಲು ನಿಲ್ಲುತ್ತಿದ್ದರು. ಕಾರ್ಯದರ್ಶಿ ಪೆನ್ನು ತೆಗೆದು ಬರೆದ. ಆಮೇಲೆ ಹಗ್ಗ ಸುತ್ತುತ್ತಿದ್ದ ನಾಲ್ಕು ಆಳುಗಳ ಕಡೆಗೆ ತಿರುಗಿ, ದೊಡ್ಡ ಮನಸ್ಸಿನಿಂದ, "ನೋಡ್ರಪಾ, ಓಟಗಾರ ಅಂದ್ರ ಇವರು. ಪುಣೆ ಮ್ಯಾರಥಾನ್ ಪೂರ್ತಿ ಓಡಿದಾವ್ರು. ಇವತ್ತ ಶಿಷ್ಯನ ಸಲುವಾಗಿ ಮತ್ತ ಓಡಿ ಬಂದಾರ," ಎಂದ.

"ಇಲ್ಲ," ಎಂದ ನೀಲಕಂಠ. "ಪುಣೇದಾಗ ನಾ ಪೂರ್ತಿ ಓಡಿಲ್ಲ. ನಾಕೂವರಿ ಮೈಲಿ ಲಾರ್ಯಾಗ ಬಂದೆ. ಸರ್ಟಿಫಿಕೇಟು ಸುಳ್ಳು."

ಆಳುಗಳಲ್ಲಿ ಒಬ್ಬ ಹಗ್ಗದ ಗಂಟನ್ನು ಹಲ್ಲಿನಿಂದ ಬಿಡಿಸುತ್ತಿದ್ದ, ಬಿಡಿಸುತ್ತಲೇ ಇದ್ದ. ಕಾರ್ಯದರ್ಶಿ ಪೆನ್ನಿನ ಟೊಪಿಗೆ ಹಾಕುವುದೋ ಬಿಡುವುದೋ ತಿಳಿಯದೆ ನಿಂತ. ಅವನ ಮುಖದ ಮೇಲೆ ಬಂದದ್ದು ತಿರಸ್ಕಾರವಲ್ಲ; ಸಂಜೆಯೊಳಗೆ ಕುರ್ಚಿಗಳನ್ನು ವಾಪಸು ಮುಟ್ಟಿಸಬೇಕಾದವನ 'ಈಗ ಇದೊಂದು' ಎಂಬ ಬೇಸರ.

"ಅದನ್ನ ನಾ ಎಲ್ಲೆ ಬರೀಲಿ ಮಾಸ್ತರ್ರ? ಇದು ನಮ್ಮ ಪಟ್ಟಿ. ಅದನ್ನ ಪುಣೆಯವರಿಗೆ ಬರೀರಿ."

"ಹೌದು," ಎಂದ ನೀಲಕಂಠ. ಅವನಿಗೆ ಇದು ನಿಜವಾಗಿಯೂ ಹೊಳೆದಿರಲಿಲ್ಲ. "ಪುಣೆಯವರಿಗೇ ಬರೀಬೇಕು."

ಪೋಸ್ಟ್ ಆಫೀಸು ಮುಚ್ಚಲು ಇನ್ನೂ ಹೊತ್ತಿತ್ತು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಒಂದೊಂದು ಮೆಟ್ಟಿಲನ್ನು ಎರಡು ಸಲಕ್ಕೆ ಹತ್ತಿದರು. ಕಿಡಕಿಯ ಹಿಂದಿನ ಗುಮಾಸ್ತ ಅವರ ಧೂಳು ಮೈ, ನಿಜಗುಣಪ್ಪನ ಹಣೆಯಿಂದ ಮೂಗಿಗೆ ಇಳಿದ ಕುಂಕುಮ ನೋಡಿ, ಯಾರಿಗಾದರೂ ಕೆಟ್ಟ ಸುದ್ದಿ ತಿಳಿಸುವುದಿರಬೇಕೆಂದು ತಂತಿಯ ಫಾರ್ಮು ಮುಂದೆ ಸರಿಸಿದ. "ಒಂದು ಕಾರ್ಡ ಕೊಡ್ರಿ," ಎಂದ ನೀಲಕಂಠ. "ಖಾಸಗಿ ಮಾತಿದ್ರ ಪಾಕೀಟು ತಗೋರಿ, ಕಾರ್ಡ ಎಲ್ಲಾರೂ ಓದ್ತಾರ," ಎಂದ ಗುಮಾಸ್ತ, ಇನ್ನೂ ಕನಿಕರದಿಂದ. "ಕಾರ್ಡ ಸಾಕು."

ಬರೆಯುವ ಕಟ್ಟೆಯ ಮೇಲೆ ಸರಕಾರಿ ಟಾಕಿನ ಮೊನೆ ಕಾಗದಕ್ಕೆ ಚುಚ್ಚುತ್ತಿತ್ತು, ದೌತಿಯಲ್ಲಿ ಶಾಯಿಗಿಂತ ಗಸಿ ಹೆಚ್ಚು. ಮರಾಠಿಯಲ್ಲಿ ಬರೆದ. ಪುಣೆಯ ಮ್ಯಾರಥಾನ್ ಸಮಿತಿಯ ಕಾರ್ಯದರ್ಶಿಯವರಿಗೆ. ಇಸವಿ, ತನ್ನ ಹೆಸರು, ನಲವತ್ತೊಂದನೆಯ ಸ್ಥಾನ. ಹದಿನಾರನೆಯ ಮೈಲಿಯ ಹತ್ತಿರ ಹಾಲಿನ ಲಾರಿ ಹತ್ತಿ ಜಕಾತಿ ನಾಕೆಯವರೆಗೆ ನಾಲ್ಕು ಮೈಲಿ ಬಂದೆನು. ನನ್ನ ಹೆಸರನ್ನು ತೆಗೆಯಬೇಕು. ನನ್ನ ಹಿಂದಿನವರೆಲ್ಲರನ್ನು ಒಂದೊಂದು ಸ್ಥಾನ ಮೇಲಕ್ಕೆ ಏರಿಸಬೇಕು. ಸಹಿ ಮಾಡಿ, ಶಾಯಿ ಆರಲೆಂದು ಊದಿದ. ಅಕ್ಷರಗಳು ದುಂಡಗೆ ಬಂದಿದ್ದವು. ನಿಜಗುಣಪ್ಪ ಅವನ ಹೆಗಲ ಮೇಲಿಂದ ಬಾಗಿ, ಸಾಲಿಯ ಮಾಸ್ತರನ ಅಭ್ಯಾಸದಂತೆ ಒಂದೊಂದು ಶಬ್ದಕ್ಕೂ ಬೆರಳಿಟ್ಟು, ಮೆಲ್ಲಗೆ ಓದಿದ. ಬೆರಳು ಒಂದು ಕಡೆ ನಿಂತಿತು.

"ಸರ."

"ಏನು?"

"ನಾಕೂವರಿ ಅಂದಿದ್ರಿ. ಇಲ್ಲಿ ನಾಕ ಅಂತ ಬರದೀರಿ."

ನೀಲಕಂಠ ನೋಡಿದ. ಹೌದು. ಅವನು ಟಾಕನ್ನು ದೌತಿಯಲ್ಲಿ ಅದ್ದಿ, ಒಂದು ಹನಿಯನ್ನು ಅಂಚಿಗೆ ಒರೆಸಿ, ನಾಲ್ಕರ ಮುಂದೆ, ಲೆಕ್ಕದಲ್ಲಿ ಅರ್ಧವೆಂದು ಹಾಕುವ ಎರಡು ನಿಂತ ಗೆರೆಗಳನ್ನು ಎಳೆದ.